ಪಟಗುಂದಿಯಿಂದ ಆಂಟ್ವರ್ಪಿಗೆ

ಘಟಪ್ರಭೆಯು ಹುಕ್ಕೇರಿಯ ಸೀಮೆಯನ್ನು ಹಾದು, ಗೋಕಾಕದ ಬಂಡೆಗಳಿಂದ ಧುಮುಕಿ, ಮೂಡಲಗಿಯ ಬಯಲಿನತ್ತ ಸಾಗುತ್ತದೆ. ಗೋಕಾಕವೆಂದೊಡನೆ ಜಲಪಾತ, ಗಿರಣಿ, ಕರದಂಟುಗಳನ್ನು ನೆನೆಯುವವರು ಬಹಳ. ಆದರೆ ಈ ಸೀಮೆಯ ಪಟಗುಂದಿ ಎಂಬ ಹಳ್ಳಿಯಲ್ಲಿ ೧೯೦೨ರಲ್ಲಿ ಹುಟ್ಟಿದ ಒಬ್ಬ ತರುಣನು, ಇನ್ನೂ ಹದಿನೆಂಟರ ಹರೆಯದಲ್ಲಿ, ಜಗತ್ತಿನ ಶ್ರೇಷ್ಠ ಓಟಗಾರರ ಜೊತೆಗೆ ಮ್ಯಾರಥಾನ್ ಓಡಿ ಬಂದನೆಂಬುದನ್ನು ಬಲ್ಲವರು ಎಷ್ಟು ಜನ? ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ.

ಕತೆಯು ಆರಂಭವಾಗುವುದು ಪುಣೆಯಲ್ಲಿ. ೧೯೧೯ರಲ್ಲಿ ಅಲ್ಲಿಯ ಡೆಕ್ಕನ್ ಜಿಮಖಾನದ ಕ್ರೀಡೋತ್ಸವವನ್ನು ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ನೋಡುತ್ತಿದ್ದರು. ಓಡುತ್ತಿದ್ದವರು ಬಹುಮಟ್ಟಿಗೆ ಒಕ್ಕಲು ಮಕ್ಕಳು. ಕಾಲಿಗೆ ಜೋಡಿಲ್ಲ, ಓಟದ ಶಾಸ್ತ್ರವನ್ನು ಯಾರೂ ಹೇಳಿಕೊಟ್ಟವರಲ್ಲ. ಆದರೂ ಅವರ ವೇಗವು ಯುರೋಪಿನವರ ವೇಗಕ್ಕೆ ಬಹಳ ದೂರವಿರಲಿಲ್ಲ. ಇವರನ್ನು ಒಲಿಂಪಿಕ್ ಕೂಟಕ್ಕೆ ಏಕೆ ಕಳುಹಿಸಬಾರದು ಎಂಬ ವಿಚಾರವು ಟಾಟಾ ಅವರ ಮನಸ್ಸಿನಲ್ಲಿ ಮೂಡಿತು. ಮರುವರ್ಷ ಆಯ್ಕೆಯ ಪಂದ್ಯಗಳು ನಡೆದು ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಆರಿಸಲ್ಪಟ್ಟರು. ವೆಚ್ಚದ ದೊಡ್ಡ ಪಾಲನ್ನು ಟಾಟಾ ಅವರೇ ಹೊತ್ತರು. ಆಗ ಬೆಳಗಾವಿಯು ಮುಂಬಯಿ ಪ್ರಾಂತದಲ್ಲಿತ್ತು. ಪಟಗುಂದಿಯ ಹುಡುಗನು ಪುಣೆಯ ದಾರಿಯಿಂದ ಜಗತ್ತಿಗೆ ತಲುಪಿದುದು ಸಹಜವೇ.

೧೯೨೦ರ ಜೂನಿನಲ್ಲಿ ಹಡಗನ್ನೇರಿದ ತಂಡವು ಮೊದಲು ಇಳಿದುದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಜ್ ಮೈದಾನದಲ್ಲಿ ಸುಮಾರು ಆರು ವಾರ ಅವರಿಗೆ ತರಬೇತಿ ನಡೆಯಿತು.

ಪರದೇಶದ ತರಬೇತಿ ಏಕೆ ಬೇಕು ಎಂದು ವಾಚಕರು ಕೇಳಬಹುದು. ನಮ್ಮ ಕಾಲದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲಿನ ಸ್ಕೀ ಓಟವನ್ನು ಕೈಗೊಂಡು, ೨೦೨೩ರಲ್ಲಿ ಸ್ಲೊವೇನಿಯದ ಪ್ಲಾನಿತ್ಸದಲ್ಲಿ ನಡೆದ ವಿಶ್ವ ಸ್ಪರ್ಧೆಯವರೆಗೆ ಹೋದರು. ಹಿಮವೇ ಬೀಳದ ಸೀಮೆಯವರು ಹಿಮವನ್ನು ಅರಸಿ ಹೋಗಲೇಬೇಕು, ಅದರಲ್ಲಿ ಆಶ್ಚರ್ಯವಿಲ್ಲ. ಓಡುವವನಿಗೆ ನೆಲವು ಎಲ್ಲೆಲ್ಲಿಯೂ ಇದೆಯಲ್ಲ? ಇದೆ, ನಿಜ. ಆದರೆ ಬಿಸಿಲಲ್ಲಿ ಬರಿಗಾಲಲ್ಲಿ ಓಡುವವರ ನಾಡಿನಿಂದ ಹೋದವರಿಗೆ ಬೂಟು, ಸಮತಟ್ಟಾದ ಓಟದ ದಾರಿ, ಚಳಿ, ಅನ್ನ, ಎಲ್ಲವೂ ಹೊಸವೇ ಆಗಿದ್ದಿರಬೇಕು. ಆರು ವಾರದಲ್ಲಿ ಇವುಗಳ ಗುರುತು ಹಚ್ಚಿಕೊಳ್ಳಬಹುದು; ಓಟವನ್ನು ಕಲಿಯಲಾಗದು. ಚೌಗುಲೆಯವರ ಕಾಲುಗಳಲ್ಲಿದ್ದ ಕಸುವು ಲಂಡನ್ನಿನದಲ್ಲವೆಂದೇ ನನ್ನ ನಂಬಿಕೆ.

ಬೆಲ್ಜಿಯಮಿನ ಆಂಟ್ವರ್ಪಿನಲ್ಲಿ ಅವರು ಹತ್ತು ಸಾವಿರ ಮೀಟರಿನ ಓಟಕ್ಕೂ ಇಳಿದರು. ಅದರಲ್ಲಿ ಮುಂದಿನ ಸುತ್ತಿಗೆ ಏರಲಾಗಲಿಲ್ಲ. ಆಗಸ್ಟ್ ೨೨ರಂದು ಮ್ಯಾರಥಾನ್. ಅಂದಿನ ದಾರಿಯ ಉದ್ದವು ೪೨.೭೫ ಕಿಲೋಮೀಟರು. ಇಂದಿನ ನಿಯಮದ ದೂರಕ್ಕಿಂತ ೫೫೫ ಮೀಟರು ಹೆಚ್ಚು. ಒಲಿಂಪಿಕ್ ಇತಿಹಾಸದಲ್ಲಿಯೇ ಅತಿ ದೀರ್ಘವಾದ ಮ್ಯಾರಥಾನ್ ಅದು. ಮಳೆ, ಚಳಿ. ಭಾರತದ ಇನ್ನೊಬ್ಬ ಓಟಗಾರರಾದ ದಾತಾರರು ನಡುವೆಯೇ ನಿಂತರು. ಚೌಗುಲೆಯವರು ನಿಲ್ಲಲಿಲ್ಲ. ೨ ಗಂಟೆ ೫೦ ನಿಮಿಷ ೪೫ ಸೆಕೆಂಡಿನಲ್ಲಿ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ನಾಲ್ಕು ನಿಮಿಷ, ಅಷ್ಟು ದೂರವೂ ಅದೇ ಸರಾಸರಿ! ಅದೇ ಕೂಟದಲ್ಲಿ ಕುಸ್ತಿಪಟು ರಣಧೀರ ಶಿಂದೆಯವರು ನಾಲ್ಕನೆಯ ಸ್ಥಾನಕ್ಕೆ ಬಂದು ಪದಕವನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡರು.

ಅಂದು ಮ್ಯಾರಥಾನ್ ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಮಾಯ್ನೆನ್, ಚೌಗುಲೆಯವರಿಗಿಂತ ಹದಿನೆಂಟು ನಿಮಿಷ ಮುಂದೆ. ಆತನೂ ಪರದೇಶದಲ್ಲಿ ಪಳಗಿದವನೇ. ಆದರೆ ಎಂಥ ಪಳಗುವಿಕೆ! ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದ ಬಳಿಕ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನಲ್ಲಿ ಇಟ್ಟಿಗೆ ಕಟ್ಟುವ ಗೌಂಡಿಯಾಗಿ ದುಡಿಯುತ್ತ, ವರ್ಷಗಟ್ಟಲೆ ದೂರದ ಓಟಗಳನ್ನು ಓಡಿ ಓಡಿ ಹದಗೊಂಡಿದ್ದನು. ಆಂಟ್ವರ್ಪಿಗೆ ಬಂದಾಗ ಆತನಿಗೆ ಮೂವತ್ತು ವರ್ಷ. ನಮ್ಮವರಿಗೆ ಹದಿನೆಂಟು, ಹಿಂದಿದ್ದುದು ಆರು ವಾರ. ದೀರ್ಘ ಓಟದ ಬಲವು ವಯಸ್ಸಿನೊಡನೆ ಮಾಗುವಂಥದು. ಆ ಹದಿನೆಂಟು ನಿಮಿಷಗಳನ್ನು ಸವೆಸಲು ಚೌಗುಲೆಯವರ ಮುಂದೆ ಹನ್ನೆರಡು ವರ್ಷಗಳಿದ್ದವು.

ನಾಲ್ಕು ವರ್ಷಗಳ ಬಳಿಕ ಭಾರತವು ಪ್ಯಾರಿಸಿಗೆ ಮತ್ತೊಂದು ತಂಡವನ್ನು ಕಳುಹಿಸಿತು. ಅಲ್ಲಿ ಮ್ಯಾರಥಾನ್ ಓಡಿದವರು ಮಹಾದೇವ ಸಿಂಗರು, ಅವರು ಇಪ್ಪತ್ತೊಂಬತ್ತನೆಯವರಾದರು. ಚೌಗುಲೆಯವರಿಗೆ ಆಗ ಇಪ್ಪತ್ತೆರಡು. ಆ ತಂಡದಲ್ಲಿ ಅವರ ಹೆಸರಿರಲಿಲ್ಲ.