ಅಳುವ ಕಣ್ಣು, ನಗುವ ಬಾಯಿ

ಮನೆಗೆ ಕಳಿಸಿ ಎಂದು ದಿನವಿಡೀ ಗೋಗರೆಯುವ ರೋಗಿ, ಕಳಿಸಲು ಬಂದವರನ್ನೇ ಬಯ್ದು ಹೊರಡಲು ಒಪ್ಪುವುದಿಲ್ಲ. ಮಗುವನ್ನು ಕೊಂದ ತಾಯಿಗೆ ಅದು ತನ್ನದೆಂಬ ಮಮತೆ, ಒಲ್ಲದ ಗಂಡನದೆಂಬ ದ್ವೇಷ. ಕಣ್ಣು ಅಳುತ್ತಿದ್ದರೆ ಬಾಯಿ ನಗುತ್ತದೆ. ಇಂಥ ರೋಗಿಗಳ ಚಿತ್ರಣ ಸ್ವಿಸ್ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಅವರ ಬರಹಗಳಲ್ಲಿದೆ. 'ಆಂಬಿವೇಲೆಂಟ್' ಪದದ ಬೇರು ಇರುವುದೂ ಅಲ್ಲೇ.

ಬ್ಲಾಯ್ಲರ್ ಜ್ಯೂರಿಕ್ ಪಕ್ಕದ ಜೋಲಿಕಾನ್ ಊರಿನವರು, ರೈತ ಮನೆತನದವರು. ರೋಗಿಗಳ ಆಡುಮಾತು ಅವರ ಮನೆಮಾತೂ ಹೌದು. ರೈನಾವ್ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ರೋಗಿಗಳ ನಡುವೆಯೇ ಬದುಕಿದರು. 1898ರಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್ಲಿ ಆಸ್ಪತ್ರೆಯ ನಿರ್ದೇಶಕರಾದರು. ಅಷ್ಟು ದೀರ್ಘ ಒಡನಾಟವಿಲ್ಲದೆ ಈ ಪದ ಹುಟ್ಟುತ್ತಿರಲಿಲ್ಲ.

1910ರಲ್ಲಿ ಬರ್ನ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು, ಒಂದೇ ಸಂಗತಿಯ ಬಗ್ಗೆ ಎದುರುಬದುರಾದ ಭಾವಗಳು ಒಟ್ಟಿಗೇ ಇರುವ ಆ ಸ್ಥಿತಿಯನ್ನು 'ಆಂಬಿವಲೆನ್ಜ್' ಎಂದು ಕರೆದರು. ಲ್ಯಾಟಿನ್‌ನಲ್ಲಿ 'ಆಂಬಿ' ಎಂದರೆ ಎರಡೂ ಕಡೆ, 'ವಲೆನ್ಶಿಯಾ' ಎಂದರೆ ಬಲ. ಭಾವನೆ, ಇಚ್ಛೆ, ವಿಚಾರ ಮೂರರಲ್ಲೂ ಇದು ಕಾಣುತ್ತದೆ ಎಂದರು. ಇಂಥ ರೋಗಿಗಳ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಅದಕ್ಕೆ ಎರಡು ವರ್ಷ ಮೊದಲು ಕೊಟ್ಟವರೂ ಅವರೇ.

1912ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಈ ಪದವನ್ನು ಮೆಚ್ಚಿ ಬಳಸಿದರು. ತೀರಿಕೊಂಡ ಆಪ್ತರ ಮೇಲೆ ಪ್ರೀತಿಯ ಜೊತೆಗೇ ಒಳಗೊಳಗೆ ಮುನಿಸೂ ಇರುತ್ತದೆ ಎಂದು ಅವರು ತೋರಿಸಿದ ಮೇಲೆ ಪದ ಆಸ್ಪತ್ರೆಯ ಗೋಡೆ ದಾಟಿತು. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಕೂಸುಗಳನ್ನು ಗಮನಿಸಿದರು. ಕೋಣೆಯಿಂದ ತುಸು ಹೊತ್ತು ಹೊರಹೋದ ತಾಯಿ ಮರಳಿದಾಗ ಕೆಲವು ಕೂಸುಗಳು ಎತ್ತಿಕೋ ಎಂದು ಅತ್ತು ಕೈಚಾಚುತ್ತವೆ. ಎತ್ತಿಕೊಂಡೊಡನೆ ಮೈ ಬಿಗಿದು, ಒದ್ದು, ಅವಳನ್ನು ದೂಡುತ್ತವೆ. ಈ ಬಗೆಯ ನಂಟಿಗೂ ಅದೇ ಹೆಸರು ಅಂಟಿತು.

ಈಗ ಪದ ಆಫೀಸಿಗೂ ಕಾಲೇಜಿಗೂ ಬಂದಿದೆ. ಬರುವ ದಾರಿಯಲ್ಲಿ ಅದರ ಕಸುವು ಕುಂದಿರುವುದು ಬೇಸರದ ಸಂಗತಿ. 'ಹೇಗಾದರೂ ಸರಿ' ಎನ್ನುವವರೂ ತಮ್ಮನ್ನು ಆಂಬಿವೇಲೆಂಟ್ ಎಂದುಕೊಳ್ಳುತ್ತಾರೆ, ಅದು ಉದಾಸೀನ. ಅರ್ಥ ಸ್ಪಷ್ಟವಿಲ್ಲದ ಸುತ್ತೋಲೆಗೂ ಇದೇ ಪದ ಬಳಸುವವರಿದ್ದಾರೆ. ಅಲ್ಲಿ ಬೇಕಿರುವುದು 'ಆಂಬಿಗ್ಯುಯಸ್'. ಮಗಳಿಗೆ ವಿದೇಶದಲ್ಲಿ ಸೀಟು ಸಿಕ್ಕಿತೆಂದು ಊರಿಗೆಲ್ಲ ಸಿಹಿ ಹಂಚಿದ ತಾಯಿ ಅದೇ ರಾತ್ರಿ ವೀಸಾ ಸಿಗದಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸಿದರೆ, ಎರಡೂ ಅವಳ ಮನದಾಳದ ಮಾತೇ. ಬ್ಲಾಯ್ಲರ್ ಹೇಳಿದ್ದು ಇದನ್ನೇ.