ಮೇಲಿನವರಿಗೆ ಲೆಕ್ಕ ಕೇಳುವವರು ಯಾರು?

‘ನೀವು ಆರು ಜನರನ್ನು ಸೇರಿಸಿ, ಸಾಕು. ಆ ಆರು ಜನ ತಲಾ ಆರು ಜನರನ್ನು ಸೇರಿಸ್ತಾರೆ. ಆಮೇಲೆ ನೀವು ಕೂತು ಉಣ್ಣಬಹುದು.’ ಮಧುಗಿರಿಯ ಕಲ್ಯಾಣ ಮಂಟಪವಿರಲಿ, ಶಿರಾದ ಲಾಡ್ಜಿನ ಮೇಲ್ಮಹಡಿಯಿರಲಿ, ಕೊರಟಗೆರೆಯ ಯಾರದೋ ಮನೆಯ ಪಡಸಾಲೆಯಿರಲಿ, ನೆಟ್‌ವರ್ಕ್ ಮಾರ್ಕೆಟಿಂಗ್‌ನ ‘ಪ್ಲಾನ್’ ತೋರಿಸುವವರ ಮಾತು ಬಹುಮಟ್ಟಿಗೆ ಇಲ್ಲಿಂದಲೇ ಶುರು. ಪಾವಗಡದಲ್ಲಾದರೆ ಇದೇ ಮಾತು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ.

ಬಿಳಿ ಹಲಗೆಯ ಮೇಲಿನ ಸೊನ್ನೆಗಳು ಸಾಮಾನ್ಯವಾಗಿ ಮೂರನೇ ಸಾಲಿಗೆ ನಿಂತುಬಿಡುತ್ತವೆ. ಮುಂದಿನದನ್ನು ನಾವೇ ಹಾಕಿ ನೋಡೋಣ. 6, 36, 216, 1,296, 7,776, 46,656, 2,79,936. ಎಂಟನೇ ಸಾಲಿಗೆ 16,79,616. ಒಂಬತ್ತನೇ ಸಾಲಿಗೆ ಒಂದು ಕೋಟಿ ದಾಟುತ್ತದೆ. 2011ರ ಜನಗಣತಿಯಂತೆ ಹತ್ತು ತಾಲ್ಲೂಕುಗಳ ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸೂ ಸೇರಿ, ಸುಮಾರು 26.79 ಲಕ್ಷ. ಸರಪಳಿ ಎಲ್ಲಿಗೆ ನಿಂತರೂ ಆರರಲ್ಲಿ ಐದು ಪಾಲು ಜನ ಕೊನೆಯ ಸಾಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಸಾಮಾನು ಮಾರಿ ಗಳಿಸಿದ್ದಷ್ಟೇ ಅವರ ಪಾಲಿನ ನಿಜವಾದ ದುಡಿಮೆ.

ಸೋಪು, ಟೂತ್‌ಪೇಸ್ಟ್, ಪ್ರೋಟೀನ್ ಪುಡಿಯನ್ನು ನೇರವಾಗಿ ಮನೆಮನೆಗೆ ಮಾರುವುದು ತಪ್ಪಲ್ಲ. ಅದು ಕಾನೂನು ಒಪ್ಪಿದ ವ್ಯಾಪಾರ. ಒಳ್ಳೆ ಸಾಮಾನು ಕೊಟ್ಟು, ಗಿರಾಕಿಯನ್ನು ಉಳಿಸಿಕೊಂಡು, ಮನೆಖರ್ಚಿಗೆ ನಾಲ್ಕು ಕಾಸು ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಇಲ್ಲಿರುವ ಪ್ರಶ್ನೆ ಬೇರೆ. ಕೆಳಗೆ ಜನರನ್ನು ಸೇರಿಸಿದ ‘ಅಪ್‌ಲೈನ್’, ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ‘ಲೀಡರ್’, ತನ್ನ ಕೆಳಗಿನವರ ಲಾಭ–ನಷ್ಟಕ್ಕೆ ಎಷ್ಟರಮಟ್ಟಿಗೆ ಹೊಣೆ?

ಪರಿಚಯವೇ ಬಂಡವಾಳ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳು ಮಳೆಯನ್ನು ನಂಬಿ ಕೂತವು. ಕಡಲೆಕಾಯಿ ಕೈಕೊಟ್ಟ ವರ್ಷ ಹುಡುಗರು ಬೆಂಗಳೂರಿನ ಬಸ್ ಹತ್ತುತ್ತಾರೆ. ಊರಲ್ಲೇ ಉಳಿದವರಿಗೆ ಎರಡನೇ ಆದಾಯದ ಆಸೆ ಇರುವುದು ಸಹಜ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆ ಸೌರ ಪಾರ್ಕಿಗೆ ಗುತ್ತಿಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಈ ಬಾಡಿಗೆ ಕೆಲವರ ಕೈಗೆ ಒಟ್ಟಾಗಿ ಹಣ ತಂದಿದೆ. ಹೀಗೆ ಒಟ್ಟಿಗೆ ಬಂದ ಹಣವನ್ನು ಎಲ್ಲಿ ಹಾಕಬೇಕೆಂದು ಹೇಳಿಕೊಡುವವರಿಗೆ ಯಾವ ಊರಲ್ಲೂ ಬರವಿಲ್ಲ.

ನಗರದಲ್ಲಿ ‘ಜಾಯಿನ್ ಆಗಿ’ ಎನ್ನುವವರು ಅಪರಿಚಿತರಾಗಿರಬಹುದು. ಇಲ್ಲಿ ಹಾಗೆ ಕೇಳುವವರು ಸೋದರಮಾವ, ಮಗನ ಮೇಷ್ಟ್ರು, ವಿಮೆ ಏಜೆಂಟ್, ಸ್ವಸಹಾಯ ಸಂಘದ ಅಕ್ಕ. ಜನ ಕಂಪನಿಯ ಹೆಸರು ನೋಡಿ ಸೇರುವುದಿಲ್ಲ, ಕರೆದವರ ಮುಖ ನೋಡಿ ಸೇರುತ್ತಾರೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುತ್ತದೆ. ಪಾವಗಡದವರಿಗೆ ಜಿಲ್ಲಾ ಕೇಂದ್ರವೇ ಸುಮಾರು 100 ಕಿಲೋಮೀಟರ್ ದೂರ. ಹೀಗಾಗಿ ಎಡವಟ್ಟಾದರೆ ಕೈಗೆ ಸಿಗುವುದು ಸೇರಿಸಿದವರೊಬ್ಬರೇ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಡೇರಿಯ ಮುಂದೆ ಮತ್ತೆ ಮತ್ತೆ ಎದುರಾಗುವ ಮುಖವದು. ಹಣ ಹೋದರೆ ದುಡಿಯಬಹುದು, ನಂಟು ಮುರಿದರೆ ಕೂಡಿಸುವುದು ಕಷ್ಟ.

ಕಾನೂನು ಏನೆನ್ನುತ್ತದೆ?

ಸೇರಿಸಿದವರ ಹೊಣೆಯ ಬಗ್ಗೆ ಕಾನೂನು ಸುಮ್ಮನಿಲ್ಲ. ಪ್ರೈಜ್ ಚಿಟ್‌ಗಳನ್ನು ಮತ್ತು ಹೊಸ ಸದಸ್ಯರು ಸೇರಿದಷ್ಟೂ ಹಣ ಬರುತ್ತದೆಂದು ಆಸೆ ತೋರಿಸುವ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕಾಯ್ದೆ, ಅಂಥ ಯೋಜನೆ ನಡೆಸುವವರ ಜೊತೆಗೆ ಅದಕ್ಕೆ ಜನರನ್ನು ಸದಸ್ಯರನ್ನಾಗಿ ಸೇರಿಸುವವರನ್ನೂ ಹಿಡಿಯುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ನಾನು ಬರೀ ಪರಿಚಯ ಮಾಡಿಸಿದೆ’ ಎಂದು ಕೈತೊಳೆದುಕೊಳ್ಳುವ ದಾರಿ ಅಲ್ಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟದ ನಿಯಮಗಳು ಬಂದವು. ಮಾರಾಟಕ್ಕಿಂತ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಬರುವ ಪಿರಮಿಡ್ ಯೋಜನೆಯನ್ನು ಕಂಪನಿ ನಡೆಸುವಂತಿಲ್ಲ, ಮಾರಾಟಗಾರ ಅದಕ್ಕೆ ಯಾರನ್ನೂ ಸೇರಿಸುವಂತಿಲ್ಲ. ಸೇರಲು ಪ್ರವೇಶ ಶುಲ್ಕ ಕೇಳುವಂತಿಲ್ಲ. ‘ನೀವು ಕೊಳ್ಳಿ, ನಾಲ್ಕು ಜನರನ್ನು ತೋರಿಸಿ, ದುಡ್ಡು ವಾಪಸ್ ಬರುತ್ತೆ’ ಎಂದು ಪುಸಲಾಯಿಸಿ ಮಾರುವಂತಿಲ್ಲ. ಮಾರಾಟಗಾರನ ಬಳಿ ಕಂಪನಿಯೊಡನೆ ಲಿಖಿತ ಒಪ್ಪಂದ ಇರಬೇಕು. ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇಲ್ಲದೆ ಮನೆಗೆ ಬರಬಾರದು. ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಕೆಲಸದ ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಅದನ್ನು ಬಗೆಹರಿಸಬೇಕು.

ದೊಡ್ಡ ಹೆಸರುಗಳೂ ಪರೀಕ್ಷೆಯಿಂದ ಹೊರತಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವ್ಯವಹಾರದ ಆರೋಪ ಹೊರಿಸಿ ಆಮ್ವೇ ಇಂಡಿಯಾದ 757.77 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡಿತು. ವಿಚಿತ್ರವೆಂದರೆ, ಇದೇ ಸಂಸ್ಥೆಯ ಅಮೆರಿಕದ ಮಾತೃಸಂಸ್ಥೆಯ ಮೇಲೆ 1979ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೊಟ್ಟ ತೀರ್ಪು ನಾಯಕತ್ವದ ಬಗ್ಗೆ ಇವತ್ತಿಗೂ ಒಳ್ಳೆಯ ಪಾಠ. ಸಂಸ್ಥೆ ಪಿರಮಿಡ್ ಅಲ್ಲವೆಂದು ಆಯೋಗ ಹೇಳಿದ್ದು ಅದರ ಮೂರು ನಿಯಮಗಳನ್ನು ನೋಡಿ. ಕೊಂಡ ಸಾಮಾನಿನಲ್ಲಿ ಶೇ 70ರಷ್ಟನ್ನು ತಿಂಗಳೊಳಗೆ ಮಾರಿರಬೇಕು. ತಿಂಗಳಿಗೆ ಹತ್ತು ಚಿಲ್ಲರೆ ಗಿರಾಕಿಗಳಿಗಾದರೂ ಮಾರಿರಬೇಕು. ಕೆಳಗಿನವನು ಬಿಟ್ಟುಹೋಗುವಾಗ ಅವನ ಬಳಿ ಉಳಿದ ಮಾರಾಟಯೋಗ್ಯ ಸಾಮಾನನ್ನು ಸೇರಿಸಿದವನೇ ವಾಪಸ್ ಕೊಳ್ಳಬೇಕು.

ಈ ಮೂರನೆಯದು ಮುಖ್ಯ. ಕೆಳಗಿನವರ ಅಟ್ಟದಲ್ಲಿ ಉಳಿದ ಡಬ್ಬಿಗಳು ನಾಳೆ ತನ್ನ ಕಿಸೆಗೇ ಭಾರವಾಗುತ್ತವೆ ಎಂದು ಗೊತ್ತಿದ್ದರೆ, ಯಾವ ಲೀಡರೂ ‘ಈ ತಿಂಗಳು ಪಾಯಿಂಟ್ ಕಡಿಮೆಯಿದೆ, ಇನ್ನೊಂದು ಬಾಕ್ಸ್ ಎತ್ತು’ ಎನ್ನುವುದಿಲ್ಲ.

ಒಂದು ತಿಂಗಳ ಲೆಕ್ಕ

ಉದಾಹರಣೆಗೆ ಹೊಸಬರೊಬ್ಬರ ತಿಂಗಳ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ. 5,000 ರೂಪಾಯಿಯ ಸಾಮಾನು ಕೊಂಡಿದ್ದಾರೆ. ಹೊರಗಿನವರಿಗೆ ಮಾರಿದ್ದು 2,000 ರೂಪಾಯಿಯದು, ಮನೆಗೆ ಬಳಸಿದ್ದು 1,000 ರೂಪಾಯಿಯದು. ಉಳಿದ 2,000 ರೂಪಾಯಿಯ ಸಾಮಾನು ಅಟ್ಟ ಸೇರಿದೆ. ಮಾರಿದ್ದರಲ್ಲಿ 300 ರೂಪಾಯಿ ಲಾಭ, ಮೇಲೆ 600 ರೂಪಾಯಿ ಕಮಿಷನ್. ಒಟ್ಟು 900. ಪೆಟ್ರೋಲು, ಬಸ್ಸು, ಫೋನಿಗೆ 700, ತರಬೇತಿ ಸಭೆಯ ಟಿಕೆಟ್ಟು 500. ಒಟ್ಟು 1,200. ಕೈಯಿಂದ ಹೋದದ್ದು 300, ಅದರ ಮೇಲೆ ಅಟ್ಟದಲ್ಲಿ ಸಿಕ್ಕಿಬಿದ್ದ 2,000. ವೇದಿಕೆಯಲ್ಲಿ ಮಾತ್ರ ಇವರಿಗೆ ‘600 ಗಳಿಸಿದವರು’ ಎಂದು ಚಪ್ಪಾಳೆ.

ಒಳ್ಳೆಯ ಮಾರ್ಗದರ್ಶಕ ಮಾಡಬೇಕಾದ ಮೊದಲ ಕೆಲಸ ಈ ಲೆಕ್ಕವನ್ನು ಕೂತು ಬರೆಸುವುದು. ಎರಡನೆಯದು, ಕೋಟು ಹಾಕಿ ಭಾಷಣ ಮಾಡುವ ಬದಲು ಹೊಸಬರ ಜೊತೆ ಮೊದಲ ಹತ್ತು ಮನೆಗಳಿಗೆ ತಾನೇ ಹೋಗುವುದು. ಮೂರನೆಯದು, ಸಾಲ ಮಾಡಿ ಸಾಮಾನು ಎತ್ತಬೇಡಿ ಎಂದು ಗಟ್ಟಿಯಾಗಿ ಹೇಳುವುದು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ: ಈ ಕೆಲಸ ಒಗ್ಗದವರಿಗೆ ‘ಇಲ್ಲಿಗೆ ನಿಲ್ಲಿಸಿ’ ಎನ್ನುವುದು. ಹಾಗೆ ಹೇಳಿದರೆ ತನ್ನ ಕಮಿಷನ್ನೂ ಇಳಿಯುತ್ತದೆ. ಆ ನಷ್ಟವನ್ನು ಒಪ್ಪುವವರನ್ನು ಮಾತ್ರ ನಾಯಕರೆನ್ನಬಹುದು. ಸೋತವರನ್ನು ‘ನಿನ್ನ ಮನಸ್ಥಿತಿ ಸರಿಯಿಲ್ಲ, ನಿನಗೆ ಕನಸು ದೊಡ್ಡದಿಲ್ಲ’ ಎಂದು ಹೀಯಾಳಿಸುವವರು ತಮ್ಮ ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುತ್ತಿದ್ದಾರೆ, ಅಷ್ಟೇ.

ಡೇರಿಯ ಲೆಕ್ಕಪುಸ್ತಕ

ಹೊಣೆಗಾರಿಕೆಯ ಮಾದರಿಗೆ ಅಮೆರಿಕದವರೆಗೆ ಹೋಗಬೇಕಿಲ್ಲ. ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಬೆಳಿಗ್ಗೆ, ಸಂಜೆ ಹಾಲು ಅಳೆಯುತ್ತಾರೆ, ಜಿಡ್ಡಿನಂಶ ನೋಡುತ್ತಾರೆ, ಲೆಕ್ಕ ಬರೆಯುತ್ತಾರೆ. ಒಂದು ಹಸು ಇರುವವರಿಗೂ ಹತ್ತು ಹಸು ಇರುವವರಿಗೂ ಗುಣಮಟ್ಟ ಒಂದೇ ಆದರೆ ದರವೂ ಒಂದೇ. ತಡವಾಗಿ ಸೇರಿದವರ ಹಾಲಿನ ಹಣ ಮೊದಲೇ ಸೇರಿದವರ ಕಿಸೆಗೆ ಹರಿಯುವುದಿಲ್ಲ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ. ಅಧ್ಯಕ್ಷರನ್ನು ನಿಲ್ಲಿಸಿ ಕೇಳುವ ಹಕ್ಕು ಸಾಮಾನ್ಯ ಸದಸ್ಯನಿಗೂ ಉಂಟು. ಅಲ್ಲೂ ಜಗಳ, ರಾಜಕೀಯ ಇಲ್ಲವೆಂದಲ್ಲ. ಆದರೆ ಜಗಳ ಆಡುವುದಕ್ಕೊಂದು ಜಾಗವಿದೆ, ತೋರಿಸಲು ಒಂದು ಪುಸ್ತಕವಿದೆ.

ನೆಟ್‌ವರ್ಕ್ ತಂಡಗಳಲ್ಲಿ ಇಲ್ಲದಿರುವುದು ಇದೇ. ಅಲ್ಲಿನ ಸಭೆಗಳಲ್ಲಿ ಗೆದ್ದವರು ಮಾತಾಡುತ್ತಾರೆ, ಬಿಟ್ಟುಹೋದವರ ಪಟ್ಟಿಯನ್ನು ಯಾರೂ ಓದುವುದಿಲ್ಲ. ಲೀಡರ್ ಪ್ರಾಮಾಣಿಕನಾದರೆ ಆರು ತಿಂಗಳಿಗೊಮ್ಮೆ ತನ್ನ ತಂಡದ ಎದುರು ಮೂರು ಅಂಕಿ ಇಡಲಿ: ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ತಂಡ ಕೊಂಡ ಸಾಮಾನಿನಲ್ಲಿ ಹೊರಗಿನ ಗಿರಾಕಿಗೆ ಹೋದದ್ದೆಷ್ಟು.

ಸೇರುವ ಮುನ್ನ ನೀವೂ ಕೇಳಿ. ನಾಳೆಯಿಂದ ಹೊಸಬರು ಒಬ್ಬರೂ ಸೇರದಿದ್ದರೆ ನನಗೆ ಎಷ್ಟು ಬರುತ್ತದೆ? ಇದೇ ಸಾಮಾನು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ? ಉಳಿದದ್ದನ್ನು ಯಾರು, ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಕೈಗೆ ದುಡ್ಡು ಕೊಡಬೇಡಿ, ಅವರು ಸೋದರಮಾವನೇ ಆಗಿರಲಿ. ಈಗಾಗಲೇ ಕೊಟ್ಟು ಸಿಕ್ಕಿಕೊಂಡಿದ್ದರೆ ರಸೀದಿ, ಮೆಸೇಜು ಒಟ್ಟುಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಂಚನೆಯೆಂದು ಕಂಡರೆ ಪೊಲೀಸ್ ಠಾಣೆಗೆ ದೂರು ಕೊಡಿ. ನಾಚಿಕೆಪಟ್ಟು ಸುಮ್ಮನಾದರೆ ಮುಂದಿನ ಸಾಲಿಗೆ ಸಿಗುವುದು ನಿಮ್ಮ ಪಕ್ಕದ ಮನೆಯವರೇ.