ಯುರೋಪಿನ ಮುಷ್ಟಿಮಲ್ಲರಲ್ಲಿ ಯಾರು ಮೊದಲು?

ಹೆವಿವೇಟ್ ಬಾಕ್ಸಿಂಗ್ ಎಂದ ಕೂಡಲೇ ಅಜ್ಜಂದಿರ ಬಾಯಿಗೆ ಬರುವ ಹೆಸರು ಮಹಮ್ಮದ್ ಅಲಿ. ಮೊಮ್ಮಕ್ಕಳಿಗೆ ಮೈಕ್ ಟೈಸನ್. ಇಬ್ಬರೂ ಅಮೆರಿಕದವರು. ಹಾಗಾದರೆ ಯುರೋಪಿನಲ್ಲಿ ಹೇಳಿಕೊಳ್ಳುವಂಥ ಮುಷ್ಟಿಮಲ್ಲರು ಹುಟ್ಟಲೇ ಇಲ್ಲವೇ? ಹುಟ್ಟಿದ್ದಾರೆ. ಅವರನ್ನು ಸಾಲಾಗಿ ನಿಲ್ಲಿಸಿ ನಾನೊಂದು ಪಟ್ಟಿ ಮಾಡಿದ್ದೇನೆ. ಒಪ್ಪಿಗೆಯಾಗದಿದ್ದರೆ ಮನೆಯಲ್ಲಿ ಜಗಳವಾಡಿ, ಆದರೆ ಬಾಯಲ್ಲಿ ಮಾತ್ರ!

ಮೊದಲು ಒಂದು ಮಾತು. ಹೆವಿವೇಟ್ ಎಂದರೆ ಈಗ 200 ಪೌಂಡ್, ಅಂದರೆ ಸುಮಾರು 91 ಕಿಲೋ ದಾಟಿದವರು. ಆದರೆ ಮೈ ದೊಡ್ಡದಾದರೆ ಸಾಲದು. ಇಂಗ್ಲೆಂಡಿನಲ್ಲಿ ಹುಟ್ಟಿ ಕಮ್ಮಾರಿಕೆ ಮಾಡಿದ್ದ ಬಾಬ್ ಫಿಟ್ಸಿಮನ್ಸ್ 1897ರಲ್ಲಿ ವಿಶ್ವ ಚಾಂಪಿಯನ್ ಆದಾಗ ಎಂಬತ್ತು ಕಿಲೋ ಕೂಡ ತೂಗುತ್ತಿರಲಿಲ್ಲ. ಇಟಲಿಯ ಪ್ರಿಮೊ ಕಾರ್ನೆರಾ ಸರ್ಕಸ್ಸಿನಿಂದ ಬಂದ ಭೀಮಕಾಯ. 1933ರಲ್ಲಿ ಪಟ್ಟವೇನೋ ಸಿಕ್ಕಿತು, ಮರುವರ್ಷ ಮ್ಯಾಕ್ಸ್ ಬೇರ್ ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ ಕಿತ್ತುಕೊಂಡ. ಆದ್ದರಿಂದ ನಾನು ಎತ್ತರ ಅಳೆಯಲು ಹೋಗಿಲ್ಲ. ಯಾರನ್ನು ಗೆದ್ದ, ಸೋತ ಮೇಲೆ ಏನು ಮಾಡಿದ, ಇವೆರಡೇ ನನ್ನ ಲೆಕ್ಕ.

ಆ ಲೆಕ್ಕದಲ್ಲಿ ಮೊದಲಿಗ ಲಂಡನ್ನಿನಲ್ಲಿ ಹುಟ್ಟಿದ ಲೆನಾಕ್ಸ್ ಲೂಯಿಸ್. 1988ರ ಸೋಲ್ ಒಲಿಂಪಿಕ್ಸ್ ಚಿನ್ನವನ್ನು ಗೆದ್ದದ್ದು ಕೆನಡಾ ಪರವಾಗಿ, ಅದು ನಿಜ. ಆದರೂ ಹುಟ್ಟಿದ ಊರನ್ನು ಅಳಿಸಲಾಗದು. ವೃತ್ತಿಜೀವನದಲ್ಲಿ ಇಬ್ಬರ ಕೈಯಲ್ಲಿ ಸೋತ, ಇಬ್ಬರನ್ನೂ ಮತ್ತೆ ರಿಂಗಿಗೆ ಕರೆದು ಸೋಲಿಸಿದ. ಹೋಲಿಫೀಲ್ಡ್‌ನನ್ನು ಗೆದ್ದ, ಟೈಸನ್‌ನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ. ಚಾಂಪಿಯನ್ ಆಗಿದ್ದಾಗಲೇ ನಿವೃತ್ತನಾದ.

ಎರಡನೆಯವ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. 2024ರ ಮೇ ತಿಂಗಳಲ್ಲಿ ತನಗಿಂತ ಅರ್ಧ ಅಡಿ ಎತ್ತರದ ಟೈಸನ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟುಗಳನ್ನು ಒಟ್ಟಿಗೆ ಸೊಂಟಕ್ಕೆ ಕಟ್ಟಿದ. ಹೆವಿವೇಟ್‌ನಲ್ಲಿ ಅದನ್ನು ಮಾಡಿದ ಮೊದಲಿಗ ಅವನೇ. ಮಕ್ಕಳೇ, ಅವನ ಕೈ ನೋಡಬೇಡಿ, ಕಾಲು ನೋಡಿ. ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ.

ಮೂರನೆಯ ಸ್ಥಾನ ಅದೇ ದೇಶದ ವ್ಲಾದಿಮಿರ್ ಕ್ಲಿಚ್ಕೊಗೆ. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಪಟ್ಟ ಬಿಟ್ಟುಕೊಡದ ಈತ ತನ್ನ ಒಲಿಂಪಿಕ್ಸ್ ಚಿನ್ನದ ಪದಕವನ್ನು 2012ರಲ್ಲಿ ಹರಾಜಿಗಿಟ್ಟು ಹತ್ತು ಲಕ್ಷ ಡಾಲರನ್ನು ಮಕ್ಕಳ ಸಹಾಯಕ್ಕೆ ಕೊಟ್ಟ. ಕೊಂಡವರು ಪದಕವನ್ನು ಅವನಿಗೇ ಹಿಂತಿರುಗಿಸಿದರಂತೆ. ಅವನ ಅಣ್ಣ ವಿಟಾಲಿಯೂ ಚಾಂಪಿಯನ್, ಈಗ ಕೀವ್ ನಗರದ ಮೇಯರ್. ಅಣ್ಣತಮ್ಮಂದಿರಲ್ಲಿ ಯಾರು ಬಲಶಾಲಿ ಎಂಬುದು ಯಾರಿಗೂ ಗೊತ್ತಾಗಲೇ ಇಲ್ಲ, ಏಕೆಂದರೆ ಒಬ್ಬರ ಮೇಲೊಬ್ಬರು ಕೈಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದರು. ಅಣ್ಣನಿಗೆ ಐದನೆಯ ಸ್ಥಾನ ಕೊಟ್ಟಿದ್ದೇನೆ.

ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್ ಆರನೆಯವ. 1952ರ ಒಲಿಂಪಿಕ್ಸ್ ಫೈನಲಿನಲ್ಲಿ ಸರಿಯಾಗಿ ಹೋರಾಡಲೇ ಇಲ್ಲವೆಂದು ರೆಫರಿ ಅವನನ್ನು ಹೊರಹಾಕಿದರು, ಬೆಳ್ಳಿ ಪದಕವನ್ನೂ ತಡೆಹಿಡಿದರು. ಹೇಡಿ ಎನಿಸಿಕೊಂಡವನು 1959ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿ ವಿಶ್ವ ಚಾಂಪಿಯನ್ ಆದ! ಆ ಬೆಳ್ಳಿ ಕೈಸೇರಿದ್ದು 1982ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ.

ನಾಲ್ಕನೆಯವನನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. 1936ರಲ್ಲಿ ಆತ ನ್ಯೂಯಾರ್ಕಿನಲ್ಲಿ ಎದುರಿಸಿದ್ದು, ಅದುವರೆಗೆ ವೃತ್ತಿಯಲ್ಲಿ ಸೋಲನ್ನೇ ಕಾಣದ ಕಪ್ಪು ಯುವಕ ಜೋ ಲೂಯಿಸ್‌ನನ್ನು. ಷ್ಮೆಲಿಂಗ್ ಗೆಲ್ಲುತ್ತಾನೆಂದು ನಂಬಿದವರು ಕಡಿಮೆ. ಆದರೆ ಆತ ಲೂಯಿಸ್‌ನ ಪಂದ್ಯಗಳನ್ನು ಗಮನವಿಟ್ಟು ನೋಡಿ ಒಂದು ದೋಷ ಕಂಡುಹಿಡಿದಿದ್ದ: ಎಡಗೈಯಿಂದ ಗುದ್ದಿದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗೆ ಬಿಡುತ್ತಿದ್ದ. ಆ ಸಂದಿಗೇ ಬಲಗೈ ಬೀಸಿ ಬೀಸಿ ಹನ್ನೆರಡನೇ ಸುತ್ತಿನಲ್ಲಿ ನಾಕೌಟ್ ಮಾಡಿದ.

ಹಿಟ್ಲರನ ಸರ್ಕಾರ ಇದನ್ನು ತನ್ನ ಜನಾಂಗದ ಗೆಲುವೆಂದು ಡಂಗುರ ಸಾರಿತು. ಷ್ಮೆಲಿಂಗ್ ಮಾತ್ರ ನಾಜಿ ಪಕ್ಷ ಸೇರಲಿಲ್ಲ, ಯಹೂದಿಯಾಗಿದ್ದ ತನ್ನ ಮ್ಯಾನೇಜರನನ್ನು ಕೈಬಿಡಲೂ ಇಲ್ಲ. 1938ರ ಮರುಪಂದ್ಯದಲ್ಲಿ ಲೂಯಿಸ್ 124 ಸೆಕೆಂಡುಗಳಲ್ಲಿ ಅವನನ್ನು ಆಸ್ಪತ್ರೆಗೆ ಕಳಿಸಿದ. ನಾಜಿಗಳಿಗೆ ಸೋತ ವೀರ ಬೇಕಾಗಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಯಹೂದಿಗಳ ಅಂಗಡಿ, ಮಂದಿರಗಳಿಗೆ ಬೆಂಕಿ ಬಿತ್ತು. ಯಹೂದಿ ಗೆಳೆಯನೊಬ್ಬನ ಇಬ್ಬರು ಗಂಡುಮಕ್ಕಳನ್ನು ಷ್ಮೆಲಿಂಗ್ ತನ್ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟ. ತನಗೆ ಹುಷಾರಿಲ್ಲ, ಯಾರನ್ನೂ ಮೇಲೆ ಬಿಡಬೇಡಿ ಎಂದು ಕೆಳಗೆ ಹೇಳಿಸಿದ. ಸಿಕ್ಕಿಬಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೋ. ಹುಡುಗರು ಬದುಕಿದರು, ಅಮೆರಿಕ ಸೇರಿದರು.

ಇಷ್ಟೆಲ್ಲ ಗೊತ್ತಿದ್ದೂ ನಾಲ್ಕನೆಯ ಸ್ಥಾನವೇ ಎಂದು ಅಜ್ಜಂದಿರು ಕೇಳಬಹುದು. ಇದು ಬಾಕ್ಸಿಂಗ್ ಪಟ್ಟಿ, ರಿಂಗಿನ ಹಗ್ಗದ ಆಚೆಗಿನದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೆ ಆತನ ಹತ್ತಿರ ಯಾರೂ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಆತ ಲೂಯಿಸ್‌ನನ್ನು ಹುಡುಕಿಕೊಂಡು ಹೋಗಿ ಗೆಳೆಯನಾದ. ಲೂಯಿಸ್ ಸಾಲದಲ್ಲಿ ಮುಳುಗಿದಾಗ ಹಣ ಕೊಟ್ಟ. 1981ರಲ್ಲಿ ಆತ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೂ ಹೆಗಲು ಕೊಟ್ಟ. ಹುಡುಗರನ್ನು ಬಚ್ಚಿಟ್ಟ ಸಂಗತಿಯನ್ನು ಮಾತ್ರ ತಾನಾಗಿ ಎಲ್ಲೂ ಹೇಳಿಕೊಳ್ಳಲಿಲ್ಲ. 1989ರಲ್ಲಿ ಅದನ್ನು ಜಗತ್ತಿಗೆ ಹೇಳಿದ್ದು ಆ ಇಬ್ಬರು ಹುಡುಗರಲ್ಲೊಬ್ಬ.